ಫರ್ಶಿ ಲೆಕ್ಕ

ಶಹಾಬಾದಿನ ನಮ್ಮ ಮನಿ ನೆಲ
ಒಂಬತ್ತು ಫರ್ಶಿ ಅಡ್ಡ, ಹದಿಮೂರು ಉದ್ದ.
ಬಾಗಿಲ ಹಂತ್ಯಾಕಿಂದು ಒಡದದ,
ಅದರ ಮ್ಯಾಲ ನಾ ಲೆಕ್ಕ ಮಾಡಂಗಿಲ್ಲ.
ಉಳಿದವೆಲ್ಲಾ ನನ್ನ ಪಾಟಿ.

ರಾತ್ರಿ ಹಾಸಿಗಿ ಹಾಸೂ ಹೊತ್ತಿಗಿ
ಅವ್ವ ಹಸಿ ಅರಿವಿ ಹಿಡದು ನಿಂದರ್ತಾಳ:
"ಒರಸಲೇನ? ಮುಗೀತೇನ?"
"ತಡಿ ಅವ್ವಾ, ಇನ್ನಾ ಮೂರು ಫರ್ಶಿ ಅದ."

ಹತ್ತನೆತ್ತಿ ತನಕ ಕನ್ನಡ ಮೀಡಿಯಂ.
ತ್ರಿಜ್ಯ, ಜ್ಯಾ, ಸ್ಪರ್ಶಕ
ಕರದರ ಓ ಅನ್ನೋ ಶಬ್ದಗಳು.
ಪಿಯುಸಿ ಮೊದಲ ದಿನ ಕಟ್ಟಿಮನಿ ಸರ್
ಬೋರ್ಡಿನ ಕಡಿ ಮುಖ ಮಾಡಿ
ಸಬ್‌ಸೆಟ್ ಅಂದ್ರು, ಡೊಮೈನ್ ಅಂದ್ರು, ರೇಂಜ್ ಅಂದ್ರು.
ನಾನು ಎರಡನೇ ಬೆಂಚಿನಾಗ
ಮದುವಿ ಮನ್ಯಾಗ ಮಂದಿ ಚಪ್ಪಲಿ ಮೆಟ್ಟಿ ಬಂದಾಕಿಯಂಗ
ಕಾಲು ಒಳಗ ಎಳಕೊಂಡು ಕುಂತೆ.

ಈಗ ಎರಡನೇ ವರ್ಷ.
ಬೆಳಗಿನ ಪ್ಯಾಸೆಂಜರಿನಾಗ ಸೀಟು ಸಿಗಂಗಿಲ್ಲ.
ಸಂಡಾಸಿನ ಗ್ವಾಡಿಗಿ ನೋಟ್‌ಬುಕ್ ಹಚ್ಚಿ ಬರೀತೀನಿ.
ಗಾಡಿ ಅಲುಗಿದರ
ಇಂಟಿಗ್ರೇಷನ್ ಗುರ್ತು ಹಾವಿನಂಗ ಹರೀತದ.
ಫಿರ್ದೋಸ್ ಹೆಗಲ ಮ್ಯಾಲಿಂದ ಇಣುಕ್ತಾಳ:
"ಸೂಗೂ, ಲಿಮಿಟ್ ಎಲ್ಲಿ ಬರದಿ?"
"ಮರತೂರದಿಂದ ಕಲಬುರಗಿ ತನಕ."

ಜೇವರ್ಗಿ ರೋಡಿನಾಗ ವಕೀಲರ ಹೊಸಾ ಬಂಗಲೆ.
ಅದರಾಗೊಂದು ಗುಂಡಗಿನ ಹಾಲ್.
ಕಾಲೇಜು ಬಿಟ್ಟು ಅಪ್ಪನ ಹಂತ್ಯಾಕ ಹ್ವಾದೆ.
ಗುಂಡಗಿನ ಗ್ವಾಡಿ, ಚೌಕ ಫರ್ಶಿ.
ನಡುವಿನವು ಶಾಣ್ಯಾರಂಗ ಕುಂತಾವ,
ಅಂಚಿನಾಗ ಪ್ರತಿಯೊಂದರ ಮೂಲಿ ಜಗಳಕ್ಕ ನಿಂತದ.
ಅಪ್ಪ ಅರ್ಧ ಕೊಯ್ದ, ಪಾವು ಕೊಯ್ದ,
ಪಾವಿನಾಗ ಅರ್ಧ.
ಹುಬ್ಬಿನ ಮ್ಯಾಲ ಬಿಳಿ ಧೂಳು,
ಕಿವ್ಯಾಗ ಪೆನ್ಸಿಲ್ ತುಂಡು.

"ಅಪ್ಪಾ, ಇನ್ನಾ ಸಣ್ಣ ಕೊಯ್ಯಿ.
ಕೊಯ್ಕೋತ ಹ್ವಾದಂಗ ಸಂದಿ ಕಡಿಮಿ ಆಗ್ತದ,
ಕಡೀಕ ಸಂದೀನೇ ಉಳಿಯಂಗಿಲ್ಲ.
ಇವತ್ತ ಕ್ಲಾಸಿನಾಗ ಇದೇ ಆತು."
ಅಪ್ಪ ಮಷೀನ್ ಬಂದ್ ಮಾಡಿದ.
"ಒಂದು ಕೊಯ್ತಕ್ಕ ಎಂಟು ರೂಪಾಯಿ. ಬ್ಲೇಡ್ ಬ್ಯಾರೆ.
ನಿಮ್ಮ ಸರ್ ಕೊಡ್ತಾರೇನು?"
ಕರಣಿಲೆ ಒಂದು ಮುದ್ದಿ ಎತ್ತಿ ಸಂದಿಗಿ ಒತ್ತಿದ.
"ಸಿಮೆಂಟ್ ಯಾಕ ಅದ ಮತ್ತ?"

ಮರುದಿನ ಟೆಸ್ಟಿನ ಪೇಪರ್ ಕೊಟ್ರು.
ಕೆಂಪು ಪೆನ್ನಿನ ಸುತ್ತು: ಸಿ ಎಲ್ಲಿ?
"ಮೊದಲ ಏನಿತ್ತೋ ನಮಗ ಗೊತ್ತಿಲ್ಲ," ಅಂದ್ರು ಸರ್,
"ಏನೋ ಇತ್ತು ಅನ್ನೂದು ಮಾತ್ರ ಮರೀಬಾರದು.
ಅದಕ್ಕ ಪ್ಲಸ್ ಸಿ."
ಸಿ ಅಂದ್ರ ಸಿಮೆಂಟು,
ಅಂತ ನಾ ಒಬ್ಬಾಕಿನೇ ನಕ್ಕೆ.
ಆ ಸಿ ಬ್ಯಾರೆ, ಈ ಸಂದಿ ಬ್ಯಾರೆ, ನನಗೂ ಗೊತ್ತದ.
ಆದ್ರೂ ಅವತ್ತಿಂದ ಮರತಿಲ್ಲ.

ಹದಿನೈದು ದಿನಕ್ಕ ಹಾಲ್ ಮುಗೀತು.
ಅಪ್ಪ ಉಣ್ಣೂ ಮುಂದ ಸಣ್ಣ ದನಿಲೆ ಕೇಳಿದ:
"ಗ್ವಾಡಿಯಿಂದ ಗ್ವಾಡಿಗಿ ಇಪ್ಪತ್ತು ಫೂಟ್.
ವಕೀಲರು 'ಸಾಯಬಣ್ಣಾ, ಮುನ್ನೂರೇ ಆಗ್ತದ' ಅಂತಾರ.
ಖರೇ ಏನು?"

ಸೂತ್ರ ಹಾಕಿದ್ರ ಒಂದು ಗೆರಿ.
ನಾ ಹಾಕಲಿಲ್ಲ.
ಸೊನ್ನಿಯಿಂದ ಹತ್ತರ ತನಕ ಕೊಯ್ಕೋತ ಬಂದೆ,
ಸೈನ್ ಇನ್ವರ್ಸ್ ಹಿಡದು ತಿರಿವಿ, ನಾಕರಿಂದ ಗುಣಿಸಿ
ಐದು ಫರ್ಶಿ ತುಂಬಿಸಿದೆ.
ಜಾಗ ಸಾಲದ್ದಕ್ಕ ಕಡೀ ಗೆರಿ ಒಡದ ಫರ್ಶಿ ಮ್ಯಾಲ:
ನೂರು ಪೈ.
"ಮುನ್ನೂರಾ ಹದಿನಾಕು, ಮ್ಯಾಲ ಒಂದೀಟು."

"ಆ ಒಂದೀಟು ವಕೀಲರಿಗಿ ಬಿಡು," ಅಂದ ಅಪ್ಪ.
"ಹದಿನಾಕಕ್ಕ ಎಷ್ಟಾತು?"
"ಫೂಟಿಗಿ ಇಪ್ಪತ್ತೆರಡು. ಮುನ್ನೂರಾ ಎಂಟು ರೂಪಾಯಿ."
ಆತ ಗಂಗಾಳ ಸರಿಸಿ
ಬಾಗಿಲ ತನಕ ಬಂದು
ಓದಲಾಕ ಬರದ ಆ ಐದೂ ಫರ್ಶಿ
ಬಗ್ಗಿ, ಒಂದೊಂದಾಗಿ ನೋಡಿದ,
ಸಪಾಟ ಅದನೋ ಇಲ್ಲೋ ನೋಡಿದಂಗ.

ಅವ್ವ ಅರಿವಿ ಹಿಡದು ಬಂದಾಕಿ
ಏನೂ ಕೇಳಲಿಲ್ಲ.
ಆ ಐದು ಬಿಟ್ಟು ಹಾಸಿಗಿ ಹಾಸಿದಳು.

ಮುಂಜಾನಿ ನೋಡಿದ್ರ
ನಿದ್ದ್ಯಾಗ ಉಳ್ಳಾಡಿದ ತಮ್ಮನ ಬೆನ್ನ ಮ್ಯಾಲ
ಒಂದು ಸೊನ್ನಿ,
ಪೈದ ಒಂದು ಕಾಲು.